ತಂತ್ರಾಂಶವೇ ರೇಡಿಯೊ ಆದಾಗ

ಸುಳ್ಯದಿಂದ ಮಡಿಕೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸಂಪಾಜೆಗೆ ಮೊದಲು ಸಿಗುವ ಊರು ಅರಂತೋಡು. ಹತ್ತಿರದಲ್ಲೇ ಪಯಸ್ವಿನಿ ಹೊಳೆ, ಎತ್ತ ನೋಡಿದರೂ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಮೇಲೆ ರಬ್ಬರು. ಇಂಥ ಊರಿನಲ್ಲಿ ಎಫ್.ಎಂ. ರೇಡಿಯೊ ಹಚ್ಚುವವರಿಗೆ ಆಕಾಶವಾಣಿಯ ಎರಡು ಕೇಂದ್ರಗಳು ಮುಖ್ಯ. ವಾಯವ್ಯಕ್ಕೆ ಮಂಗಳೂರು, 100.3 ಮೆಗಾಹರ್ಟ್ಸ್. ಪೂರ್ವಕ್ಕೆ ಘಟ್ಟದ ಮೇಲಿನ ಮಡಿಕೇರಿ, 103.1 ಮೆಗಾಹರ್ಟ್ಸ್. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರ್. ಇವು ಬಹುಮಟ್ಟಿಗೆ ನೇರವಾಗಿ ಸಾಗುವ ಅಲೆಗಳು. ದೊಡ್ಡ ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿ ಸೊರಗುತ್ತವೆ. ಆದ್ದರಿಂದಲೇ ಇಂಥ ಕಡೆ ಅಂಗಳದಲ್ಲಿ ಚೆನ್ನಾಗಿ ಕೇಳುವ ರೇಡಿಯೊ ಅಡುಗೆಮನೆಯಲ್ಲಿ ಬರಿಯ ಗೊರಗೊರ ಎನ್ನುವುದುಂಟು.

ಇದು ಹಾಡು ಕೇಳುವವರ ಸಣ್ಣ ತೊಂದರೆ ಮಾತ್ರವಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯ ರಸ್ತೆ ಕಡಿದುಹೋಯಿತು. ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರಿಗಾಗಿ ಸಂಪಾಜೆ, ಕಲ್ಲುಗುಂಡಿ, ಅರಂತೋಡು ಭಾಗದಲ್ಲಿ ಪರಿಹಾರ ಕೇಂದ್ರಗಳು ತೆರೆದವು. 2022ರ ಜೂನ್ ಕೊನೆಯಲ್ಲಿ ಇದೇ ಸೀಮೆಯಲ್ಲಿ ಭೂಮಿ ಕೆಲವು ಸಲ ಲಘುವಾಗಿ ಕಂಪಿಸಿತು. ಇಂಥ ಹೊತ್ತಿನಲ್ಲಿ ವಿದ್ಯುತ್ ಹೋಗುವುದು, ಅದರ ಹಿಂದೆಯೇ ಮೊಬೈಲ್ ಗೋಪುರ ಮೌನವಾಗುವುದು ಘಟ್ಟದ ತಪ್ಪಲಿಗೆ ಹೊಸತಲ್ಲ. ಆಗ ಗಾಳಿಯಲ್ಲಿ ಉಳಿಯುವುದು ದೂರದ ಪ್ರಸಾರ ಕೇಂದ್ರದ ಅಲೆ. ಅದು ನಿಮ್ಮ ಮನೆಯ ಯಾವ ಮೂಲೆಗೆ ಬರುತ್ತದೆ, ಎಷ್ಟು ಬಲವಾಗಿ ಬರುತ್ತದೆ ಎಂದು ಮೊದಲೇ ತಿಳಿದಿದ್ದರೆ ಒಳ್ಳೆಯದಲ್ಲವೇ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ, ಹೆಬ್ಬೆರಳಿನ ಗಾತ್ರದ ಒಂದು ಉಪಕರಣ ಇಂದು ಪೇಟೆಯಲ್ಲಿದೆ. ಅದರ ಹೆಸರು ತಂತ್ರಾಂಶ ರೇಡಿಯೊ. ಕಿರುತೆರೆಯ ಮೇಲೆ ಇಂಥ ವಿಷಯಗಳು ಬೇಗ ಸರಿದುಹೋಗುತ್ತವೆ. ಇಲ್ಲಿ ಬಿಡುವಾಗಿ ನೋಡೋಣ.

ಹಳೆಯ ರೇಡಿಯೊ, ಹೊಸ ರೇಡಿಯೊ

ನಿಮ್ಮ ಮನೆಯ ಟ್ರಾನ್ಸಿಸ್ಟರನ್ನು ಬಿಚ್ಚಿ ನೋಡಿದರೆ ಒಂದೊಂದು ಕೆಲಸಕ್ಕೂ ಒಂದೊಂದು ಭಾಗ ಕಾಣುತ್ತದೆ. ಆಂಟೆನಾ ಹಿಡಿದ ಸಂಕೇತವನ್ನು ಒಂದು ಭಾಗ ಹಿಗ್ಗಿಸುತ್ತದೆ. ಇನ್ನೊಂದು ಭಾಗ ಅದನ್ನು ಒಳಗೇ ಹುಟ್ಟಿಸಿದ ಮತ್ತೊಂದು ಅಲೆಯೊಡನೆ ಬೆರೆಸಿ ಕೆಳಗಿನ ಕಂಪನಾಂಕಕ್ಕೆ ಇಳಿಸುತ್ತದೆ. ಎಫ್.ಎಂ. ರೇಡಿಯೊಗಳಲ್ಲಿ ಈ ಮಧ್ಯದ ಕಂಪನಾಂಕ ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್. ಮಂಗಳೂರಿನ 100.3 ಬೇಕಿದ್ದರೆ ಒಳಗಿನ ಅಲೆಯನ್ನು 111.0ಕ್ಕೆ ನಿಲ್ಲಿಸಬೇಕು, ಎರಡರ ವ್ಯತ್ಯಾಸ 10.7. ನೀವು ಗುಂಡಿ ತಿರುಗಿಸಿದಾಗ ಬದಲಾಗುವುದು ಈ ಒಳಗಿನ ಅಲೆಯೇ. ಆಮೇಲೆ ಒಂದು ಸೋಸುಕ ಅಕ್ಕಪಕ್ಕದ ಕೇಂದ್ರಗಳನ್ನು ತಡೆಯುತ್ತದೆ, ಮತ್ತೊಂದು ಭಾಗ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುತ್ತದೆ. ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬ ಎಂಜಿನಿಯರು ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ರೂಪಿಸಿದ ಕ್ರಮ ಇದು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ ಕಾಲದಿಂದ ಹಿಡಿದು ಬಹುಕಾಲ ಮನೆಮನೆಯ ರೇಡಿಯೊ ನಡೆದದ್ದು ಇದರ ಮೇಲೆಯೇ.

ಇದರ ಮಿತಿಯೂ ಸ್ಪಷ್ಟ. ಎಫ್.ಎಂ.ಗೆಂದು ಮಾಡಿದ ರೇಡಿಯೊ ವಿಮಾನದ ಸಂಕೇತವನ್ನು ಓದಲಾರದು. ಹೊಸ ಕೆಲಸ ಬೇಕಿದ್ದರೆ ಹೊಸ ಯಂತ್ರವನ್ನೇ ಕೊಳ್ಳಬೇಕು.

ತಂತ್ರಾಂಶ ರೇಡಿಯೊದಲ್ಲಿ ಯಂತ್ರದ ಪಾಲು ಕಡಿಮೆ. ಆಂಟೆನಾದಿಂದ ಬಂದ ಅಲೆಯನ್ನು ಸ್ವಲ್ಪ ಹಿಗ್ಗಿಸಿ, ಕೆಳಕ್ಕಿಳಿಸಿ, ಕೂಡಲೇ ಅಂಕಿಗಳ ಸಾಲಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಕೊಟ್ಟುಬಿಡುತ್ತಾರೆ. ಸೋಸುವುದು, ಧ್ವನಿ ಬೇರ್ಪಡಿಸುವುದು, ಚಿತ್ರ ಬಿಡಿಸುವುದು, ಇವೆಲ್ಲ ಲೆಕ್ಕಗಳು. ಲೆಕ್ಕ ಬದಲಾದರೆ ರೇಡಿಯೊ ಬದಲಾಯಿತು. ಸಾಫ್ಟ್‌ವೇರ್ ರೇಡಿಯೊ ಎಂಬ ಹೆಸರನ್ನು 1990ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಜೋಸೆಫ್ ಮಿಟೋಲ. 2001ರಲ್ಲಿ ಗ್ನೂ ರೇಡಿಯೊ ಎಂಬ ಉಚಿತ ತಂತ್ರಾಂಶ ಬಂದ ಮೇಲೆ ಈ ವಿದ್ಯೆ ಪ್ರಯೋಗಾಲಯದ ಗೋಡೆ ದಾಟಿ ವಿದ್ಯಾರ್ಥಿಗಳ ಮೇಜಿಗೆ ಬಂತು.

ಅಲೆಯನ್ನು ಅಂಕಿಯಾಗಿಸುವುದು

ನಮ್ಮ ಕಡೆಯ ಎಷ್ಟೋ ಕೃಷಿಕರು ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಮಳೆ ಎಡೆಬಿಡದೆ ಸುರಿಯುವ ವಸ್ತು. ಡೈರಿಯಲ್ಲಿರುವುದು ದಿನಕ್ಕೊಂದು ಅಂಕಿ. ಆದರೂ ಆ ಅಂಕಿಗಳನ್ನು ನೋಡಿದರೆ ಮಳೆಗಾಲದ ಏರಿಳಿತ ಕಣ್ಣಿಗೆ ಕಟ್ಟುತ್ತದೆ. ತಂತ್ರಾಂಶ ರೇಡಿಯೊ ಮಾಡುವುದೂ ಇದನ್ನೇ, ಆದರೆ ಸೆಕೆಂಡಿಗೆ ಲಕ್ಷಾಂತರ ಸಲ. ಹೀಗೆ ಒಂದೊಂದು ಸಲ ಅಳೆದ ಬೆಲೆಯನ್ನು ಮಾದರಿ ಎನ್ನೋಣ.

ಎಷ್ಟು ಬೇಗ ಅಳೆಯಬೇಕು? ಅಲೆ ಎಷ್ಟು ಬೇಗ ಬದಲಾಗುತ್ತದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ. ಇದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು ನೀವು ಟಿ.ವಿ.ಯಲ್ಲೇ ಕಂಡಿದ್ದೀರಿ. ಓಡುವ ಜಟಕಾ ಗಾಡಿಯ ಚಕ್ರ ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಮಾತ್ರ ಹಿಡಿಯುತ್ತದೆ. ಚಕ್ರದ ಅರಗಳು ಅದಕ್ಕಿಂತ ಬೇಗ ಸರಿಯುವುದರಿಂದ ಕಣ್ಣಿಗೆ ಸುಳ್ಳು ಚಲನೆ ಕಾಣುತ್ತದೆ. ರೇಡಿಯೊದಲ್ಲೂ ಹಾಗೆಯೇ: ಅಳತೆಯ ವೇಗಕ್ಕೆ ಮೀರಿದ ಅಲೆ ಬೇರೊಂದು ಕಂಪನಾಂಕದ ವೇಷ ಹಾಕಿ ಒಳಗೆ ಬರುತ್ತದೆ. ಅದನ್ನು ಬಾಗಿಲಲ್ಲೇ ತಡೆಯಲು ಅಂಕಿಯಾಗಿಸುವ ಮೊದಲು ಒಂದು ನಿಜವಾದ ಸೋಸುಕ ಇರಲೇಬೇಕು. ತಂತ್ರಾಂಶ ಎಷ್ಟೇ ಜಾಣವಾದರೂ ಒಳಹೊಕ್ಕ ವೇಷಧಾರಿಯನ್ನು ಆಮೇಲೆ ಗುರುತಿಸಲಾರದು.

ಒಂದರ ಬದಲು ಎರಡು ಅಂಕಿ

ಈ ಉಪಕರಣಗಳು ಪ್ರತಿ ಮಾದರಿಗೂ ಒಂದಲ್ಲ, ಎರಡು ಅಂಕಿ ಕೊಡುತ್ತವೆ. ಜಾತ್ರೆಯ ತಿರುಗುವ ತೊಟ್ಟಿಲನ್ನು ನೆನೆಯಿರಿ. ಒಂದು ತೊಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದಷ್ಟೇ ಹೇಳಿದರೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ. ನಡುಗಂಬದಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಎಂದೂ ಹೇಳಿದರೆ ಅದರ ಜಾಗ ನಿಖರವಾಗಿ ತಿಳಿಯಿತು; ಮುಂದಿನ ಅಳತೆಯೊಡನೆ ಹೋಲಿಸಿದರೆ ಯಾವ ದಿಕ್ಕಿಗೆ, ಎಷ್ಟು ಬೇಗ ತಿರುಗುತ್ತಿದೆ ಎಂಬುದೂ ತಿಳಿಯಿತು.

ರೇಡಿಯೊ ಅಲೆಯೂ ಇಂಥ ತಿರುಗುವ ತೊಟ್ಟಿಲೇ. ಜೋಡಿ ಅಂಕಿ ಸಿಕ್ಕಿದ ಮೇಲೆ ಉಳಿದದ್ದು ಸುಲಭ. ತೊಟ್ಟಿಲು ನಡುಬಿಂದುವಿನಿಂದ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿದರೆ ಮಧ್ಯಮ ತರಂಗದ ಎ.ಎಂ. ಪ್ರಸಾರದ ಧ್ವನಿ ಹೊರಬರುತ್ತದೆ. ಎರಡು ಅಳತೆಗಳ ನಡುವೆ ಎಷ್ಟು ಕೋನ ತಿರುಗಿತು ಎಂದು ಲೆಕ್ಕ ಹಾಕಿದರೆ ಎಫ್.ಎಂ. ಧ್ವನಿ ಹೊರಬರುತ್ತದೆ. ಕೋನವು ತಟಕ್ಕನೆ ಅರ್ಧ ಸುತ್ತು ಹಾರುವುದನ್ನು ಎಣಿಸಿದರೆ ಕೆಲವು ಬಗೆಯ ಅಂಕೀಯ ಸಂದೇಶಗಳು ಹೊರಬರುತ್ತವೆ. ಅಂಕಿಗಳು ಅವೇ, ಯಂತ್ರವೂ ಅದೇ. ಬದಲಾದದ್ದು ಒಂದೆರಡು ಸಾಲಿನ ಲೆಕ್ಕ. ಇದೇ ಈ ವಿದ್ಯೆಯ ತಿರುಳು.

ಬಿಟ್‌ಗಳ ಲೆಕ್ಕ

ಪ್ರತಿ ಮಾದರಿಯನ್ನು ಎಷ್ಟು ನಾಜೂಕಾಗಿ ಅಳೆಯುತ್ತೇವೆ ಎಂಬುದು ಎರಡನೆಯ ಪ್ರಶ್ನೆ. 8 ಬಿಟ್‌ನ ಉಪಕರಣದಲ್ಲಿ ಅಳತೆಗೋಲಿಗೆ 256 ಗೆರೆಗಳು. 12 ಬಿಟ್‌ನದರಲ್ಲಿ 4096. ಒಂದೊಂದು ಬಿಟ್ ಹೆಚ್ಚಿದಾಗಲೂ ಸುಮಾರು 6 ಡೆಸಿಬೆಲ್‌ನಷ್ಟು ಲಾಭ. ಈ ಲೆಕ್ಕದಲ್ಲಿ 8 ಬಿಟ್‌ನ ಉಪಕರಣ ಹೆಚ್ಚೆಂದರೆ 50 ಡೆಸಿಬೆಲ್ ಅಂತರವನ್ನು, ಅಂದರೆ ಶಕ್ತಿಯಲ್ಲಿ ಒಂದಕ್ಕೆ ಒಂದು ಲಕ್ಷದಷ್ಟು ವ್ಯತ್ಯಾಸವನ್ನು, ಒಟ್ಟಿಗೆ ಕಾಣಬಲ್ಲುದು. 12 ಬಿಟ್‌ನದು 74 ಡೆಸಿಬೆಲ್, ಅಂದರೆ ಒಂದಕ್ಕೆ ಎರಡೂವರೆ ಕೋಟಿಯಷ್ಟು.

ಇದು ಏಕೆ ಮುಖ್ಯ? ಹತ್ತಿರದ ಬಲವಾದ ಪ್ರಸಾರ ಮತ್ತು ದೂರದ ಕ್ಷೀಣ ಪ್ರಸಾರ ಒಟ್ಟಿಗೆ ಬಂದಾಗ, ಅಳತೆಗೋಲು ಬಲವಾದದ್ದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಆಗ ಕ್ಷೀಣವಾದದ್ದು ಮೊದಲ ಗೆರೆಗಿಂತಲೂ ಕೆಳಗೆ ಮುಳುಗಿಹೋಗಬಹುದು. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಆದರೆ ಲೆಕ್ಕದಿಂದಲೇ ಸ್ವಲ್ಪ ಗಳಿಸಿಕೊಳ್ಳುವ ದಾರಿಯೂ ಇದೆ. 2.4 ಮೆಗಾಹರ್ಟ್ಸ್ ಅಗಲವನ್ನು ಅಳೆದು, ನಮಗೆ ಬೇಕಾದ 12.5 ಕಿಲೋಹರ್ಟ್ಸ್ ಅಗಲವನ್ನು ಮಾತ್ರ ಉಳಿಸಿಕೊಂಡರೆ 192 ಪಾಲಿನಲ್ಲಿ ಒಂದು ಪಾಲು ಉಳಿಯಿತು. ಉಳಿದ 191 ಪಾಲಿನ ಗೊರಗೊರ ಸದ್ದು ಅದರೊಂದಿಗೇ ಹೊರಗೆ ಹೋಯಿತು. ಲಾಭ ಸುಮಾರು 23 ಡೆಸಿಬೆಲ್. ಹೆಚ್ಚುಕಡಿಮೆ ನಾಲ್ಕು ಬಿಟ್‌ಗಳಷ್ಟು. ಅಗ್ಗದ ಉಪಕರಣಗಳು ತಮ್ಮ ಬೆಲೆಗೆ ಮೀರಿ ಕೆಲಸ ಮಾಡುವ ಗುಟ್ಟು ಇದು.

ಜಲಪಾತದಂಥ ಚಿತ್ರ

ಗಾಳಿಯಲ್ಲಿ ಏನೇನಿದೆ ಎಂದು ಕಣ್ಣಿಗೆ ತೋರಿಸುವುದು ಈ ರೇಡಿಯೊದ ದೊಡ್ಡ ಗುಣ. ಅಂಕಿಗಳ ಸಾಲಿನಲ್ಲಿ ಯಾವ ಯಾವ ಕಂಪನಾಂಕ ಎಷ್ಟೆಷ್ಟಿದೆ ಎಂದು ಬಿಡಿಸುವ ಗಣಿತಕ್ಕೆ ಫೂರಿಯೆ ಪರಿವರ್ತನೆ ಎಂದು ಹೆಸರು. ನೇರ ದಾರಿಯಲ್ಲಿ 1024 ಮಾದರಿಗಳನ್ನು ಬಿಡಿಸಲು ಸುಮಾರು ಹತ್ತು ಲಕ್ಷ ಗುಣಾಕಾರ ಬೇಕು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು ಪ್ರಕಟಿಸಿದ ಅಡ್ಡದಾರಿಯಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ನೂರು ಪಟ್ಟು ಉಳಿತಾಯವಿಲ್ಲದಿದ್ದರೆ ಮನೆಯ ಕಂಪ್ಯೂಟರಿನಲ್ಲಿ ಇದು ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಹೀಗೆ ಬಿಡಿಸಿದ ಸಾಲುಗಳನ್ನು ಒಂದರ ಕೆಳಗೊಂದು ಬಣ್ಣದಲ್ಲಿ ಬರೆಯುತ್ತ ಹೋದರೆ ಪರದೆಯ ಮೇಲೆ ಜಲಪಾತದಂಥ ಚಿತ್ರ ಇಳಿಯುತ್ತದೆ. ಎಫ್.ಎಂ. ಕೇಂದ್ರ ಅಗಲವಾದ ಪಟ್ಟೆ. ಕೆಟ್ಟ ಎಲ್‌ಇಡಿ ಬಲ್ಬಿನ ಕಿರಿಕಿರಿ ಸಮದೂರದ ಗೆರೆಗಳು. ನೆತ್ತಿಯ ಮೇಲೆ ಹಾದುಹೋಗುವ ಉಪಗ್ರಹದ ಸಂಕೇತ ಓರೆಯಾಗಿ ಬಾಗಿದ ಗೆರೆ; ಏಕೆಂದರೆ ಹತ್ತಿರ ಬರುವಾಗ ಅದರ ಕಂಪನಾಂಕ ಏರಿ, ದೂರ ಹೋಗುವಾಗ ಇಳಿಯುತ್ತದೆ. ರೈಲಿನ ಸಿಳ್ಳು ನಿಮ್ಮನ್ನು ದಾಟಿದಾಗ ಇಳಿಯುವುದಿಲ್ಲವೇ, ಹಾಗೆ.

ಪೇಟೆಯಲ್ಲಿ ಸಿಗುವ ಉಪಕರಣಗಳು

ಎಲ್ಲಕ್ಕಿಂತ ಅಗ್ಗದ ಉಪಕರಣ ಹುಟ್ಟಿದ್ದು ರೇಡಿಯೊಗಾಗಿ ಅಲ್ಲ, ಟೆಲಿವಿಷನ್‌ಗಾಗಿ! ಯುರೋಪಿನಲ್ಲಿ ಕಂಪ್ಯೂಟರಿನ ಮೇಲೆ ಅಂಕೀಯ ಟಿ.ವಿ. ನೋಡಲೆಂದು ಮಾಡಿದ ಒಂದು ಪುಟ್ಟ ಕಡ್ಡಿ ಅದು. ಅದರೊಳಗಿನ ರಿಯಲ್‌ಟೆಕ್ ಆರ್.ಟಿ.ಎಲ್. 2832ಯು ಎಂಬ ಚಿಪ್ ತಾನು ಅಳೆದ ಕಚ್ಚಾ ಅಂಕಿಗಳನ್ನೇ ಹೊರಕ್ಕೆ ಕೊಡಬಲ್ಲುದು ಎಂಬುದು 2012ರಲ್ಲಿ ಹವ್ಯಾಸಿಗಳಿಗೆ ಗೊತ್ತಾಯಿತು. ಅಲ್ಲಿಂದ ಅದು ಆರ್.ಟಿ.ಎಲ್. ರೇಡಿಯೊ ಎಂದೇ ಪ್ರಸಿದ್ಧ. 8 ಬಿಟ್, ಸುಮಾರು 24ರಿಂದ 1700 ಮೆಗಾಹರ್ಟ್ಸ್‌ವರೆಗೆ, ಒಂದು ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲದ ಕಿಟಕಿ. ಕೇಳಲು ಮಾತ್ರ, ಪ್ರಸಾರ ಮಾಡಲು ಬಾರದು.

ಕಿಟಕಿಯ ಅಗಲದ ಅರ್ಥ ಹೀಗೆ: ಮಂಗಳೂರಿನ 100.3 ಮತ್ತು ಮೈಸೂರಿನ 100.6 ಇದರಲ್ಲಿ ಒಟ್ಟಿಗೆ ಕೂರುತ್ತವೆ. ಮಂಗಳೂರು ಮತ್ತು ಮಡಿಕೇರಿಯ ಅಂತರ 2.8 ಮೆಗಾಹರ್ಟ್ಸ್, ಒಟ್ಟಿಗೆ ಕೂರುವುದಿಲ್ಲ, ಕಿಟಕಿ ಸರಿಸಬೇಕು. ಇನ್ನು ಅಂಕಿಗಳ ಪ್ರವಾಹ ಎಷ್ಟು? ಸೆಕೆಂಡಿಗೆ 24 ಲಕ್ಷ ಜೋಡಿ, ಅಂದರೆ 48 ಲಕ್ಷ ಬೈಟ್. ಒಂದು ಗಂಟೆ ಹಾಗೆಯೇ ಶೇಖರಿಸಿದರೆ 17 ಗಿಗಾಬೈಟ್ ದಾಟುತ್ತದೆ.

2014ರಲ್ಲಿ ಬಂದ ಹ್ಯಾಕ್ ಆರ್.ಎಫ್. ಎಂಬುದು 1 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ ಹರಡಿದ್ದು, 20 ಮೆಗಾಹರ್ಟ್ಸ್ ಅಗಲವನ್ನು ಒಟ್ಟಿಗೆ ನೋಡಬಲ್ಲುದು. ಅದೂ 8 ಬಿಟ್. ಅನಲಾಗ್ ಡಿವೈಸಸ್ ಕಂಪನಿ ವಿದ್ಯಾರ್ಥಿಗಳಿಗೆಂದು ತಂದ ಪ್ಲೂಟೊ 12 ಬಿಟ್‌ನದು. ಇವೆರಡೂ ಪ್ರಸಾರವನ್ನೂ ಮಾಡಬಲ್ಲವು. ಕಾಲೇಜು ಪ್ರಯೋಗಾಲಯಗಳಲ್ಲಿ ಎಟಸ್ ಸಂಸ್ಥೆಯ ಯು.ಎಸ್.ಆರ್.ಪಿ. ಉಪಕರಣಗಳು ಹೆಸರುವಾಸಿ. ದೊಡ್ಡ ಉಪಕರಣಗಳಲ್ಲಿ ಎಫ್.ಪಿ.ಜಿ.ಎ. ಎಂಬ ಚಿಪ್ ಇರುತ್ತದೆ. ಇದರ ಒಳಗಿನ ತಂತಿಜಾಲವನ್ನೇ ನಮಗೆ ಬೇಕಾದಂತೆ ಬರೆಯಬಹುದು. ಕಂಪ್ಯೂಟರು ಲೆಕ್ಕಗಳನ್ನು ಬಹುಮಟ್ಟಿಗೆ ಒಂದಾದ ಮೇಲೊಂದು ಮಾಡಿದರೆ ಇದು ನೂರಾರು ಗುಣಾಕಾರಗಳನ್ನು ಏಕಕಾಲಕ್ಕೆ ಮಾಡುತ್ತದೆ. ಕಂಪ್ಯೂಟರು ಉಸಿರುಗಟ್ಟುವಷ್ಟು ಅಂಕಿ ಹರಿದುಬಂದಾಗ ಮೊದಲ ಸೋಸುವಿಕೆ ಇಲ್ಲೇ ಆಗುತ್ತದೆ.

ನಮ್ಮ ರಾಜ್ಯದಲ್ಲೇ

ಇದು ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸಾರಸ್ ಎಂಬ ರೇಡಿಯೊ ದೂರದರ್ಶಕವನ್ನು ಕಟ್ಟಿತು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಅತಿ ಕ್ಷೀಣ ಸುಳಿವನ್ನು ಹುಡುಕುವುದು ಅದರ ಕೆಲಸ. ಆಂಟೆನಾ ಹಿಡಿದದ್ದನ್ನು ಅಂಕಿಯಾಗಿಸಿ, ಎಫ್.ಪಿ.ಜಿ.ಎ. ಮೂಲಕ ಕಂಪನಾಂಕಗಳಾಗಿ ಬಿಡಿಸುವುದು, ಅಂದರೆ ಮೇಲೆ ಹೇಳಿದ ಲೆಕ್ಕವೇ. ಹುಡುಕುತ್ತಿದ್ದ ಕಂಪನಾಂಕಗಳು ಎಫ್.ಎಂ. ಪಟ್ಟಿಯ ಕೆಳಗೇ ಇರುವುದರಿಂದ ಪೇಟೆಯ ಗದ್ದಲ ದಾಟಿ ಹೋಗಬೇಕಾಯಿತು. 2020ರ ಆರಂಭದಲ್ಲಿ ಉಪಕರಣವನ್ನು ತೆಪ್ಪದ ಮೇಲೆ ಕೂರಿಸಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ಅಮೆರಿಕದ ತಂಡವೊಂದು 2018ರಲ್ಲಿ ಕಂಡೆವೆಂದು ಹೇಳಿದ್ದ ಸಂಕೇತ ಇಲ್ಲಿ ಕಾಣಲಿಲ್ಲ. ಆ ಫಲಿತಾಂಶ 2022ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

ಹವ್ಯಾಸಿಗಳ ಕಡೆಯಿಂದ ನೋಡಿದರೆ, 2005ರ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹವನ್ನು ನೆನೆಯಬೇಕು. ಹವ್ಯಾಸಿ ರೇಡಿಯೊದವರಿಗೆಂದೇ ಮಾಡಿದ ಈ ಉಪಗ್ರಹ 2014ರವರೆಗೆ ಮಾತುಗಳನ್ನು ದಾಟಿಸಿತು.

ಅರಂತೋಡಿನಲ್ಲಿ ಇದರಿಂದ ಏನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಿಪತ್ತಿನ ದಿನ ಕೈಯಲ್ಲಿರಬೇಕಾದದ್ದು ಈ ಉಪಕರಣವಲ್ಲ. ಇದಕ್ಕೆ ಕಂಪ್ಯೂಟರು ಬೇಕು, ಕಂಪ್ಯೂಟರಿಗೆ ವಿದ್ಯುತ್ ಬೇಕು. ಎರಡು ಸೆಲ್ ಹಾಕಿದ ಕೈರೇಡಿಯೊ ಅದಕ್ಕಿಂತ ಎಷ್ಟೋ ನಂಬಿಕೆಯದು. ಗುಡ್ಡದ ಮರೆಯನ್ನು ಗೆಲ್ಲಲೂ ತಂತ್ರಾಂಶಕ್ಕೆ ಆಗದು. ಬಾರದ ಅಲೆಯನ್ನು ಯಾವ ಲೆಕ್ಕವೂ ತಂದುಕೊಡದು.

ಇದರ ಉಪಯೋಗ ಇರುವುದು ಬೇಸಗೆಯ ಬಿಡುವಿನಲ್ಲಿ. ಆರ್.ಟಿ.ಎಲ್. ಕಡ್ಡಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮನೆಯ ಒಳಗೆ, ಜಗಲಿಯಲ್ಲಿ, ಮಾಳಿಗೆಯಲ್ಲಿ, ತೋಟದ ಏರಿಯಲ್ಲಿ ಅಳೆಯಿರಿ. ಊರಿನ ಶಾಲೆ, ಸಭಾಭವನಗಳಂಥ ನಾಲ್ಕು ಜನ ಸೇರುವ ಜಾಗಗಳಲ್ಲೂ ಕೇಳಿಕೊಂಡು ಅಳೆಯಿರಿ. 100.3 ಎಷ್ಟು, 103.1 ಎಷ್ಟು ಎಂದು ಡೆಸಿಬೆಲ್‌ನಲ್ಲಿ ಬರೆದಿಡಿ. ಅಳೆಯುವಾಗ ಒಂದು ಎಚ್ಚರ ಬೇಕು: ಉಪಕರಣದ ಹಿಗ್ಗಿಸುವ ಪ್ರಮಾಣ ತಾನಾಗಿ ಬದಲಾಗದಂತೆ ಒಂದೇ ಅಂಕಿಗೆ ನಿಲ್ಲಿಸಿ, ಆಂಟೆನಾವನ್ನೂ ಬದಲಿಸಬೇಡಿ. ಇಲ್ಲವಾದರೆ ಎರಡು ಜಾಗಗಳ ಹೋಲಿಕೆಗೆ ಅರ್ಥವಿಲ್ಲ. 6 ಡೆಸಿಬೆಲ್ ಕಡಿಮೆ ಎಂದರೆ ಶಕ್ತಿ ಕಾಲು ಭಾಗಕ್ಕೆ ಇಳಿಯಿತು ಎಂದರ್ಥ. ಮಳೆಗಾಲದಲ್ಲಿ ಇನ್ನೊಮ್ಮೆ ಅಳೆದರೆ ಇನ್ನೂ ಒಳ್ಳೆಯದು. ಆಮೇಲೆ ಒಳ್ಳೆಯ ಜಾಗ ಯಾವುದು, ಅಲ್ಲಿ ಯಾವ ಕೇಂದ್ರ ಎಂದು ಒಂದು ಚೀಟಿಯಲ್ಲಿ ಬರೆದು ಕೈರೇಡಿಯೊದ ಬೆನ್ನಿಗೆ ಅಂಟಿಸಿ. ಕರೆಂಟು ಹೋದ ರಾತ್ರಿ ಆ ಚೀಟಿ ಕಂಪ್ಯೂಟರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸರಳವಾದ ಆಂಟೆನಾವನ್ನು ನೀವೇ ಮಾಡಬಹುದು. ಸುಮಾರು 70 ಸೆಂಟಿಮೀಟರಿನ ಎರಡು ತಾಮ್ರದ ತಂತಿ ಒಂದೇ ಗೆರೆಯಲ್ಲಿ, ನಡುವೆ ಕೇಬಲ್. ಒಂದು ತಂತಿಗೆ ಕೇಬಲಿನ ಒಳಗಂಬಿ, ಇನ್ನೊಂದಕ್ಕೆ ಹೊರಬಲೆ. ನಿಲ್ಲಿಸಿಯೂ ಮಲಗಿಸಿಯೂ ನೋಡಿ, ಹೆಚ್ಚು ಬರುವಂತೆ ಇಡಿ.

ಶಾಲಾ ಮಕ್ಕಳಿಗೆ ಇದೇ ಉಪಕರಣ ಪಾಠವಾಗುತ್ತದೆ. 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳು ತಮ್ಮ ಜಾಗ, ಎತ್ತರಗಳನ್ನು ತಾವೇ ಸಾರುತ್ತವೆ. ಗುಡ್ಡಗಳ ನಡುವಿನಿಂದಲೂ ಎತ್ತರದಲ್ಲಿ ಹಾರುವ ವಿಮಾನದ ಸಂಕೇತ ಹಿಡಿಯಬಹುದು. 145.8 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೊ ಆಗಾಗ ಕೇಳುತ್ತದೆ. ಅದು ಬಂದು ಹೋಗುವಾಗ ಕಂಪನಾಂಕ ಮೂರು ಕಿಲೋಹರ್ಟ್ಸ್‌ಗೂ ಹೆಚ್ಚು ಮೇಲೆ ಕೆಳಗೆ ಸರಿಯುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಮೋಡದ ಚಿತ್ರಗಳನ್ನು ಹವ್ಯಾಸಿಗಳು 137 ಮೆಗಾಹರ್ಟ್ಸ್‌ನಲ್ಲಿ ಬಹುಕಾಲ ಹಿಡಿದರು. ಆ ಸೇವೆ 2025ರಲ್ಲಿ ನಿಂತಿತು. ರಷ್ಯದ ಮೆಟಿಯೋರ್ ಉಪಗ್ರಹಗಳು ಅದೇ ಪಟ್ಟಿಯಲ್ಲಿ ಅಂಕೀಯ ರೂಪದ ಚಿತ್ರ ಕಳಿಸುವಂಥವು. ಯಂತ್ರ ಅದೇ, ತಂತ್ರಾಂಶವನ್ನಷ್ಟೇ ಬದಲಿಸಿದರಾಯಿತು.

ಎರಡು ಎಚ್ಚರಿಕೆಗಳು

ಮೊದಲನೆಯದು ಕಾನೂನು. ಎಲ್ಲರಿಗೂ ಎಂದು ಮಾಡಿದ ಪ್ರಸಾರವನ್ನು ಕೇಳುವುದು ಬೇರೆ, ಇನ್ನೊಬ್ಬರ ಮಾತನ್ನು ಕದ್ದು ಕೇಳುವುದು ಬೇರೆ. ಪೊಲೀಸರ ಅಥವಾ ಖಾಸಗಿ ಸಂದೇಶಗಳಿಗೆ ಕಿವಿಗೊಡಬೇಡಿ. ಪರವಾನಗಿ ಇಲ್ಲದೆ ಪ್ರಸಾರವನ್ನಂತೂ ಮಾಡಲೇಬೇಡಿ. ಒಂದು ತಪ್ಪು ಸಂಕೇತ ವಿಮಾನಕ್ಕೋ ರಕ್ಷಣಾ ಕಾರ್ಯಕ್ಕೋ ಅಡ್ಡಿಯಾದೀತು. ಪ್ರಸಾರದ ಆಸೆ ಇದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಪರವಾನಗಿ ಪಡೆಯುವ ದಾರಿ ಇದೆ.

ಎರಡನೆಯದು ಸಿಡಿಲು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೂ, ಹಿಂಗಾರಿನ ಅಕ್ಟೋಬರಿನಲ್ಲೂ ಈ ಸೀಮೆಯ ಗುಡುಗು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಾಡಿನ ಮೇಲೆ ತಂತಿ ಕಟ್ಟಿದವರು ಮೋಡ ಕಪ್ಪಾಗುವ ಮೊದಲೇ ಕೇಬಲನ್ನು ಕಳಚಿ ಮನೆಯ ಹೊರಗೇ ಇಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲು ಹೋಗಬಾರದು. ವಿದ್ಯುತ್ ತಂತಿಯ ಹತ್ತಿರ ಆಂಟೆನಾ ಏರಿಸುವುದಂತೂ ಬೇಡವೇ ಬೇಡ.

ಇಷ್ಟು ನೆನಪಿಟ್ಟರೆ, ಮಳೆ ಹಿಡಿಯುವ ಮೊದಲಿನ ಒಂದೆರಡು ಭಾನುವಾರಗಳಲ್ಲಿ ನಿಮ್ಮ ಮನೆಯ ಸುತ್ತಲಿನ ಅಲೆಗಳ ಲೆಕ್ಕವನ್ನು ಮುಗಿಸಬಹುದು. ಮಳೆಯ ಡೈರಿಯ ಪಕ್ಕದಲ್ಲೇ ಅದಕ್ಕೂ ಒಂದು ಪುಟ ತೆರೆಯಿರಿ.